ಗೊತ್ತಿಲ್ಲದವರ ಹತ್ತಿರ ಹೋಗಿ ಮ್ಯಾಜಿಕ್ ತೋರಿಸೋದು ಹೇಗೆ? ಮೊದಲ ಮಾತಿಗೇ ನಾಲಿಗೆ ಏಳುತ್ತಿಲ್ಲ

ಕೈಚಳಕ_ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು, ಡಿಗ್ರಿ ಕೊನೆಯ ವರ್ಷ. ನಾಲ್ಕು ವರ್ಷದಿಂದ ಮ್ಯಾಜಿಕ್ ಕಲಿಯುತ್ತಿದ್ದೇನೆ. ನಾಣ್ಯ, ರಬ್ಬರ್ ಬ್ಯಾಂಡ್, ಸ್ಪಾಂಜ್ ಚೆಂಡು, ಇಸ್ಪೀಟು ಎಲೆ. ದಿನಾ ರಾತ್ರಿ ಕನ್ನಡಿ ಮುಂದೆ ಒಂದು ಗಂಟೆ ಕೂರುತ್ತೇನೆ. ಗೆಳೆಯರಿಗೆ ತೋರಿಸಿದ್ದೇನೆ, ಅಣ್ಣನ ಮದುವೆಯಲ್ಲಿ ನೆಂಟರಿಗೆಲ್ಲ ತೋರಿಸಿದ್ದೇನೆ, ಅಲ್ಲಿ ಕೈ ನಡುಗುವುದಿಲ್ಲ.

ಹೊರಗಿನವರು ಅಂದರೆ ಮಾತ್ರ ಆಗುತ್ತಿಲ್ಲ. ಹೋದ ಭಾನುವಾರ ಸಂಜೆ ಐದಕ್ಕೆ ಗೋಳಗುಮ್ಮಟದ ಕಡೆ ಹೋದೆ. ಹುಲ್ಲಿನ ಮೇಲೆ ಒಂದು ಕುಟುಂಬ ಶೇಂಗಾ ತಿನ್ನುತ್ತಾ ಕೂತಿತ್ತು. ಹತ್ತು ಹೆಜ್ಜೆ ದೂರದವರೆಗೆ ಹೋಗೋದು, ಫೋನ್ ನೋಡಿದ ಹಾಗೆ ಮಾಡಿ ವಾಪಸ್ ಬರೋದು, ಹೀಗೆ ಮೂರು ಸಲ ಆಯ್ತು. ಕೊನೆಗೆ ಧೈರ್ಯ ಮಾಡಿ ಗೇಟಿನ ಹೊರಗೆ ನಿಂತಿದ್ದ ಇಬ್ಬರು ಹುಡುಗರಿಗೆ "ಮ್ಯಾಜಿಕ್ ತೋರಿಸಲಾ?" ಅಂದೆ. ಒಬ್ಬ ಮುಖ ಕೂಡ ನೋಡಲಿಲ್ಲ. "ರೊಕ್ಕ ಇಲ್ಲ, ಹೋಗಪ್ಪ" ಅಂದ.

ನಾನು ರೊಕ್ಕ ಕೇಳಿರಲೇ ಇಲ್ಲ. ಆ ಒಂದು ಮಾತು ಮೂರು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. ಕೈ ತಯಾರಿದೆ, ಬಾಯಿ ತಯಾರಿಲ್ಲ. ಬೀದಿಯಲ್ಲಿ ಮಾಡಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ, ಮೊದಲು ಏನು ಮಾತಾಡುತ್ತೀರಿ? ಯಾರ ಹತ್ತಿರ ಹೋಗುತ್ತೀರಿ?

ಕೋಟೆಕೆರೆ_ದಂಡೆ

ತಮ್ಮಾ, ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಕೆಲಸ ಬೇರೆ, ಆದರೆ ಹನ್ನೊಂದು ವರ್ಷದಿಂದ ಬಿಡುವಿದ್ದಾಗ ಸಂಜೆ ಹೊತ್ತು ಇದನ್ನೇ ಮಾಡುತ್ತೇನೆ. ಕೋಟೆ ಕೆರೆ ದಂಡೆಯ ಮೇಲೆ, ಚಹಾದಂಗಡಿ ಮುಂದೆ, ಗಣೇಶನ ಹಬ್ಬದಲ್ಲಿ ಮಂಟಪದ ಹತ್ತಿರ.

ಮೊದಲು ಒಂದು ಮಾತು. ಆ ಹುಡುಗ ನಿನಗೆ ಬೈದಿಲ್ಲ. ನಮ್ಮ ಊರುಗಳಲ್ಲಿ ಗೊತ್ತಿಲ್ಲದವನು ನಗುತ್ತಾ ಹತ್ತಿರ ಬಂದರೆ ಮೂರರಲ್ಲಿ ಒಂದು ಅಂತ ಜನ ಲೆಕ್ಕ ಹಾಕುತ್ತಾರೆ. ರೊಕ್ಕ ಕೇಳುತ್ತಾನೆ, ಇಲ್ಲಾ ಮೋಸ ಮಾಡುತ್ತಾನೆ, ಇಲ್ಲಾ ಎಲ್ಲೋ ಕ್ಯಾಮೆರಾ ಇಟ್ಟು ನಮ್ಮನ್ನು ಮಂಗ ಮಾಡುತ್ತಾನೆ. ಆಭರಣ ಪಾಲಿಶ್ ಮಾಡಿಕೊಡುತ್ತೇನೆ ಅಂತ ಬಂದು ಬಂಗಾರ ಹೊತ್ತುಕೊಂಡು ಹೋದವರ ಸುದ್ದಿ ಕೇಳದ ಮನೆ ನಮ್ಮ ಕಡೆ ಯಾವುದಿದೆ ಹೇಳು. ನೀನು "ಮ್ಯಾಜಿಕ್ ತೋರಿಸಲಾ" ಅಂದಾಗ ಈ ಮೂರೂ ಅನುಮಾನ ಹಾಗೇ ಉಳಿದವು. ಅವನು ಅದಕ್ಕೆ ಉತ್ತರ ಕೊಟ್ಟ.

ಹಾಗಾಗಿ ಮೊದಲ ಮಾತಿನಲ್ಲೇ ಈ ಅನುಮಾನ ಕಡಿಮೆ ಆಗಬೇಕು. ನಾನು ಆಡುವ ಮಾತು ಇದು: "ನಮಸ್ಕಾರ್ರಿ, ಇಲ್ಲೇ ಟಿಳಕವಾಡಿಯವನು ನಾನು. ಒಂದು ಕೈಚಳಕ ಕಲಿತೀನಿ, ಒಂದೇ ನಿಮಿಷ. ನೋಡಿ ಹೆಂಗಿದೆ ಹೇಳ್ತೀರಾ? ನಾನು ರೊಕ್ಕ ತಗೊಳ್ಳಲ್ಲ." ಊರು ಹೇಳಿದೆ, ಎಷ್ಟು ಹೊತ್ತು ಅಂತ ಹೇಳಿದೆ, ರೊಕ್ಕದ ಮಾತು ಮುಗಿಸಿದೆ. ಎಲ್ಲಕ್ಕಿಂತ ದೊಡ್ಡದು, ಅವರ ಅಭಿಪ್ರಾಯ ಕೇಳಿದೆ. ನಮ್ಮ ಜನ ನೋಡೋಕೆ ಒಲ್ಲೆ ಅನ್ನಬಹುದು, ಹೇಳೋಕೆ ಒಲ್ಲೆ ಅನ್ನುವುದು ಕಡಿಮೆ.

ಬೆಳಗಾವಿಯಲ್ಲಿ ಇನ್ನೊಂದಿದೆ, ಭಾಷೆ. ಕೂತವರು ಯಾವ ಮಾತಾಡುತ್ತಿದ್ದಾರೆ ಅಂತ ಎರಡು ನಿಮಿಷ ದೂರದಿಂದ ಕೇಳಿಸಿಕೊಳ್ಳುತ್ತೇನೆ. ಮರಾಠಿ ಆದರೆ "ಏಕ್ ಮಿನಿಟ್ ವೇಳ ಆಹೆ ಕಾ?" ಅಂತಲೇ ಶುರು. ಉರ್ದು ಆದರೆ ಉರ್ದು. ಆಮೇಲೆ ಕನ್ನಡಕ್ಕೆ ಬಂದರೂ ಯಾರಿಗೂ ಬೇಜಾರಿಲ್ಲ. ಮೊದಲ ಐದು ಶಬ್ದ ಅವರ ಮನೆ ಮಾತಿನಲ್ಲಿದ್ದರೆ ಸಾಕು.

ಯಾರ ಹತ್ತಿರ ಹೋಗಬೇಕು ಅಂದೆಯಲ್ಲ. ಮೂರು ನಾಲ್ಕು ಜನ ಕೂತಿದ್ದು, ಮಾತು ಮುಗಿದು, ಸುಮ್ನೆ ರಸ್ತೆ ನೋಡುತ್ತಿರುವವರು. ಕೈಯಲ್ಲಿ ಚೀಲ ಹಿಡಿದು ಬಸ್ ದಾರಿ ಕಾಯುವವರ ಹತ್ತಿರ ಬೇಡ, ಅವರ ಕಣ್ಣು ನಿನ್ನ ಕೈ ಮೇಲೆ ನಿಲ್ಲುವುದಿಲ್ಲ. ಊಟ ಮಾಡುವವರು ಬೇಡ. ಹಿಂದಿನಿಂದ ಯಾವತ್ತೂ ಹೋಗಬೇಡ. ಎದುರಿನಿಂದ, ಸ್ವಲ್ಪ ಓರೆಯಾಗಿ, ಎರಡು ಮಾರು ದೂರದಲ್ಲಿ ನಿಂತುಕೋ, ಎರಡೂ ಕೈ ಕಾಣುವ ಹಾಗೆ. ನಾನು ರಬ್ಬರ್ ಬ್ಯಾಂಡ್ ಮೊದಲೇ ಬೆರಳಿಗೆ ಹಾಕಿಕೊಂಡು ಹೋಗುತ್ತೇನೆ. ಅದನ್ನು ನೋಡಿದ ಕೂಡಲೇ ಇವನು ಏನೋ ಆಟದವನು ಅಂತ ಅರ್ಧ ಗೊತ್ತಾಗಿಬಿಡುತ್ತದೆ.

ಮತ್ತೆ, ಗೋಳಗುಮ್ಮಟದ ಆವರಣ ಪುರಾತತ್ವ ಇಲಾಖೆಯದು. ಒಳಗೆ ಜನ ಸೇರಿಸಬೇಡ. ಹೊರಗಡೆ ಬೇಕಾದಷ್ಟು ಜಾಗ ಇದೆ.

ಚಹಾದಂಗಡಿ_ಕಟ್ಟೆ

ನಾನು ಮ್ಯಾಜಿಕ್ ಮಾಡುವವನಲ್ಲ. ವಿಜಯಪುರದಲ್ಲಿ ಚಹಾದಂಗಡಿ ಇದೆ. ಈ ಕಡೆಯ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ.

ಅಂಗಡಿ ಮುಂದೆ ಮಾಡುವುದಾದರೆ ಮೊದಲು ಅಂಗಡಿಯವನನ್ನು ಕೇಳಿ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬಂದ, ಚಹಾ ಕುಡಿದ, ರೊಕ್ಕ ಕೊಟ್ಟ, ಆಮೇಲೆ "ಅಣ್ಣ, ಕಟ್ಟೆ ಮೇಲೆ ಕೂತವರಿಗೆ ಒಂದು ಆಟ ತೋರಿಸಲಾ, ನಿಮ್ಮ ಗಿರಾಕಿಗಳಿಗೆ ತೊಂದರೆ ಇಲ್ಲ ಅಂದರೆ" ಅಂತ ಕೇಳಿದ. ಹೀಗೆ ಕೇಳಿದವನಿಗೆ ಯಾರು ಬೇಡ ಅಂತಾರೆ? ನಾನೇ ಕರೆದು, "ಕಾಕಾ, ಈ ಹುಡುಗ ಏನೋ ತೋರಿಸ್ತಾನಂತೆ ನೋಡ್ರಿ" ಅಂದೆ. ಅವನು ಯಾರನ್ನೂ ಹೊಸದಾಗಿ ಮಾತಾಡಿಸಬೇಕಾಗಲಿಲ್ಲ, ನಾನೇ ಮಾತಾಡಿಸಿಕೊಟ್ಟೆ.

ಅವತ್ತಿನ ಆಟ ಇನ್ನೂ ಕಣ್ಣ ಮುಂದಿದೆ. ನಮ್ಮ ಕಾಕಾನ ಹತ್ತಿರ ಐದು ರೂಪಾಯಿ ನಾಣ್ಯ ಇಸಿದುಕೊಂಡ, ಹಳೆಯ ದಪ್ಪ ಬೆಳ್ಳಿ ಬಣ್ಣದ್ದು. ಅದರ ಮೇಲೆ ಕಾಕಾನ ಕೈಯಿಂದಲೇ ಪೆನ್ನಿನಲ್ಲಿ ಒಂದು ಗೆರೆ ಎಳೆಸಿದ. ಬಲಗೈಯಿಂದ ಎಡಗೈಗೆ ಹಾಕಿಕೊಂಡ, ಮುಚ್ಚಿದ, ಊದಿದ, ತೆರೆದ. ಇಲ್ಲ. ಎರಡೂ ಕೈ ಖಾಲಿ. ಕಾಕಾ ನಗಲಿಲ್ಲ, ತನ್ನ ಐದು ರೂಪಾಯಿ ಹೋಯ್ತು ಅನ್ನುವ ಮುಖ ಮಾಡಿದ. ಆಗ ಆ ಹುಡುಗ "ನಿಮ್ಮ ಬಸಿ ಎತ್ತಿ ನೋಡ್ರಿ" ಅಂದ. ಕಾಕಾ ಚಹಾದ ಬಸಿ ಎತ್ತಿದ. ಕೆಳಗೆ ಅದೇ ನಾಣ್ಯ, ಅದೇ ಗೆರೆ, ಮೇಲೆ ಒಂದು ಹನಿ ಚಹಾ. ಬಸಿ ಎತ್ತಿದ್ದು ಕಾಕಾ, ಆ ಹುಡುಗ ಮುಟ್ಟಲೂ ಇಲ್ಲ. ಅದಕ್ಕೇ ಅಷ್ಟು ಖುಷಿ. ಕಾಕಾ ಆ ನಾಣ್ಯ ಖರ್ಚು ಮಾಡಿಲ್ಲ, ಕಿಸೆಯಲ್ಲೇ ಇದೆ.

ಆದರೆ ಇನ್ನೊಂದು ಸಲ ಬೇರೆ ಹುಡುಗರು ಬಂದು ಹೇಳದೆ ಕೇಳದೆ ಕಟ್ಟೆ ಮೇಲೆ ಇಸ್ಪೀಟು ಹರಡಿದರು. ಹತ್ತು ಜನ ಸುತ್ತ ನಿಂತರು. ಹೊರಗಿನಿಂದ ನೋಡುವವರಿಗೆ ಅಂದರ್ ಬಾಹರ್ ಆಡುತ್ತಿದ್ದಾರೆ ಅಂತಲೇ ಕಾಣುತ್ತದೆ ಅಲ್ವಾ? ರಸ್ತೆಯಲ್ಲಿ ಜೂಜು ಅಂದರೆ ಪೊಲೀಸ್ ಕಾಯ್ದೆಯ 87ನೇ ಕಲಂ, ನಮ್ಮ ಕಡೆ ಪೇಪರ್ ಓದುವವರಿಗೆಲ್ಲ ಗೊತ್ತಿರುವ ನಂಬರು. ಹುಡುಗರು ಒಳ್ಳೆಯವರೇ, ಜೂಜು ಆಡಿರಲಿಲ್ಲ. ಆದರೂ ಅವತ್ತು ನಾನು ಎಷ್ಟು ಹೆದರಿದೆ ಅಂತ ನನಗೇ ಗೊತ್ತು. ಇಸ್ಪೀಟು ಎಲೆ ಮೊದಲು ತೆಗೆಯಬೇಡಿ. ಇದು ನನ್ನ ಕೋರಿಕೆ.

ಕೈಚಳಕ_ವಿಜಯಪುರ

ಅಣ್ಣಾ, ಇದು ನನಗೆ ಹೊಳೆದೇ ಇರಲಿಲ್ಲ. ನಾನು ಜಾಸ್ತಿ ಅಭ್ಯಾಸ ಮಾಡಿರುವುದೇ ಎಲೆಗಳಲ್ಲಿ. ಅವತ್ತು ಕಿಸೆಯಲ್ಲಿ ಇದ್ದದ್ದೂ ಅದೇ. ಸರಿ, ನಾಣ್ಯ ಮತ್ತು ರಬ್ಬರ್ ಬ್ಯಾಂಡ್ ಮೊದಲು.

ಕೋಟೆಕೆರೆ_ದಂಡೆ

ಚಹಾದಂಗಡಿ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಎಲೆ ಕೊನೆಗೆ, ಅದೂ ಜನ ನಗುತ್ತಾ "ಇನ್ನೊಂದು ತೋರಿಸು" ಅಂದ ಮೇಲೆ. ತೆಗೆದರೂ ನೆಲದ ಮೇಲೆ, ಕಟ್ಟೆ ಮೇಲೆ ಹರಡಬೇಡ, ನಿಂತುಕೊಂಡು ಕೈಯಲ್ಲೇ ಮಾಡು. ಅವರು ಎಲೆಗೆ ಏನು ಹೆಸರು ಹೇಳುತ್ತಾರೋ ಅದೇ ಹೇಳು. ನಮ್ಮ ಕಡೆ ಬದಾಮ್, ಚೌಕಟ್, ಕಿಲವರ್ ಅಂತಾರೆ, ಮೈಸೂರು ಕಡೆಯವರ ಆಟೀನು, ಕಳಾವರ ಅಂದರೆ ಅರ್ಧ ಜನಕ್ಕೆ ತಿಳಿಯುವುದಿಲ್ಲ.

ನಿಂತಿರುವ ಜಾಗದ ಬಗ್ಗೆಯೂ ಯೋಚಿಸು. ಕನ್ನಡಿ ನಿನ್ನ ಎದುರಿಗೆ ಮಾತ್ರ ಇರುತ್ತದೆ. ಜಾತ್ರೆಯಲ್ಲಿ ಜನ ನಾಲ್ಕೂ ಕಡೆ ಇರುತ್ತಾರೆ, ಹುಡುಗರು ಬಗ್ಗಿ ಕೆಳಗಿನಿಂದಲೂ ನೋಡುತ್ತಾರೆ. ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿದ ಹಾಗೆ ಮಾಡುವ ನಾಣ್ಯದ ಆಟ ಪಕ್ಕದಲ್ಲಿ ನಿಂತವನಿಗೆ ಕಂಡುಬಿಡುತ್ತದೆ. ಅದಕ್ಕೇ ಗೋಡೆಗೆ ಬೆನ್ನು ಕೊಟ್ಟು ನಿಲ್ಲೋದು. ರಬ್ಬರ್ ಬ್ಯಾಂಡ್ ಒಂದರೊಳಗಿಂದ ಇನ್ನೊಂದು ದಾಟುವ ಆಟಕ್ಕೆ ಆ ತೊಂದರೆ ಕಡಿಮೆ. ಮುಗಿದ ಕೂಡಲೇ ಮತ್ತೆ ತಯಾರು, ಕಿಸೆಗೆ ಕೈ ಹಾಕುವ ಕೆಲಸವೂ ಇಲ್ಲ. ಗೊತ್ತಿಲ್ಲದವರ ಮುಂದೆ ಕಿಸೆಗೆ ಕೈ ಹೋದಷ್ಟೂ ಅನುಮಾನ.

ಇಳಕಲ್_ಸೆರಗು

ಬಾಗಲಕೋಟೆಯಿಂದ. ನೋಡುವವಳಾಗಿ ಬರೆಯುತ್ತಿದ್ದೇನೆ, ಒಂದೆರಡು ಮಾತು ನೇರವಾಗಿ ಹೇಳುತ್ತೇನೆ.

ಒಬ್ಬಳೇ ಇರುವ ಹುಡುಗಿಯ ಹತ್ತಿರ ಹೋಗಬೇಡಿ. ನಿಮ್ಮ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಆ ಒಂದು ನಿಮಿಷ ಅವಳು ನಿಮ್ಮ ಆಟ ನೋಡುವುದಿಲ್ಲ, ತಪ್ಪಿಸಿಕೊಳ್ಳುವ ದಾರಿ ನೋಡುತ್ತಿರುತ್ತಾಳೆ. ನನಗೆ ಕಾಲೇಜಿನ ದಿನದಲ್ಲಿ ಹೀಗಾಗಿದೆ. ಒಂದು ಬಸ್ ನಿಲ್ದಾಣದಲ್ಲಿ ಒಬ್ಬ ಬಂದು "ಕೈ ಕೊಡಿ" ಅಂತ ಕೇಳುವ ಮೊದಲೇ ಮಣಿಕಟ್ಟು ಹಿಡಿದ. ಸ್ವಲ್ಪ ದೂರದಲ್ಲಿ ಅವನ ಗೆಳೆಯ ಫೋನ್ ಹಿಡಿದು ನಿಂತಿದ್ದ. ಆಟ ಏನು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ಆ ಹಿಡಿತ ಮಾತ್ರ ನೆನಪಿದೆ. ವಿಡಿಯೊ ಮಾಡುವುದಾದರೆ ಮೊದಲೇ ಕೇಳಿ. ಮಾಡಿ ಆಮೇಲೆ ಕೇಳುವುದಲ್ಲ. "ನಿಮಗೆ ಇಷ್ಟವಾದ ಹುಡುಗನ ಹೆಸರು ಮನಸ್ಸಿನಲ್ಲಿ ನೆನೆಯಿರಿ" ಅನ್ನುವ ಆಟಗಳನ್ನಂತೂ ನಮ್ಮ ಊರಿನಲ್ಲಿ ಬಿಟ್ಟೇಬಿಡಿ.

ಚೆನ್ನಾಗಿ ಮಾಡಿದವನನ್ನೂ ನೋಡಿದ್ದೇನೆ. ಬನಶಂಕರಿ ಜಾತ್ರೆಯಲ್ಲಿ ನಾನು, ಅವ್ವ, ಅತ್ತಿಗೆ, ಅವಳ ಮಗಳು ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡು, ಡಬ್ಬಿ ಮುಚ್ಚಿ ಸುಮ್ನೆ ಕೂತಿದ್ದೆವು. ಒಬ್ಬ ಹುಡುಗ ದೂರದಲ್ಲೇ ನಿಂತು ಅವ್ವನ ಕಡೆ ನೋಡಿ "ಅವ್ವಾರ, ಕೂಸಿಗೆ ಒಂದು ಆಟ ತೋರಿಸಲೇನ್ರಿ?" ಅಂದ. ನನ್ನನ್ನಲ್ಲ, ಅತ್ತಿಗೆಯನ್ನಲ್ಲ, ಅವ್ವನನ್ನು ಕೇಳಿದ. ಅವ್ವ ತಲೆ ಆಡಿಸಿದ ಮೇಲೇ ಹತ್ತಿರ ಬಂದು, ನಿಂತು ಮಾಡದೆ ನಮ್ಮ ಎತ್ತರಕ್ಕೆ ನೆಲದ ಮೇಲೆ ಕೂತ. ಒಂದು ಕೆಂಪು ಸ್ಪಾಂಜ್ ಚೆಂಡನ್ನು ಕೂಸಿನ ಕೈಯಲ್ಲಿ ಇಟ್ಟು "ಗಟ್ಟಿ ಹಿಡಿ" ಅಂದ. ಇನ್ನೊಂದು ತನ್ನ ಕೈಯಲ್ಲಿ ಇಟ್ಟುಕೊಂಡ, ಅದು ಮಾಯ. ಕೂಸು ಮುಷ್ಟಿ ಬಿಚ್ಚಿದರೆ ಎರಡು ಚೆಂಡು ಪಟ್ಟಂತ ಅರಳಿ ಹೊರಗೆ ಬಿದ್ದವು! ಕೂಸು ಹೆದರಿ ಅವ್ವನ ಸೆರಗು ಹಿಡಿಯಿತು, ಮತ್ತೆ ನಕ್ಕಿತು, ಮತ್ತೆ ಕೈ ಚಾಚಿತು. ಆಮೇಲೆ ಅವ್ವನೇ "ನನ್ನ ಕೈಯಾಗ ಇಡು ನೋಡೋಣ" ಅಂತ ಬಳೆ ಹಿಂದೆ ಸರಿಸಿ ಕೈ ಮುಂದೆ ಮಾಡಿದಳು. ಅವನು ಒಂದು ಸಲವೂ ಯಾರ ಕೈಯನ್ನೂ ಹಿಡಿಯಲಿಲ್ಲ, ಚೆಂಡನ್ನು ಮಾತ್ರ ಇಟ್ಟ. ಹೋಗುವಾಗ ಅವ್ವ ಅವನಿಗೆ ಒಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೊಟ್ಟು ಕಳಿಸಿದಳು.

ನವನಗರ_ಮೇಷ್ಟ್ರು

ಒಳ್ಳೆಯ ಚರ್ಚೆ. ನಾನೂ ಬಾಗಲಕೋಟೆಯವನೇ, ಶಾಲೆಯಲ್ಲಿ ಮಕ್ಕಳಿಗೆ ಸಣ್ಣ ಸಣ್ಣ ಆಟ ತೋರಿಸುವ ಅಭ್ಯಾಸ. ಯಾರೂ ಹೇಳದ ಒಂದು ವಿಷಯ ಇದೆ, ಹೆದರಿಕೆ.

ನಾವು ಚಿಕ್ಕವರಿದ್ದಾಗ ಗಾರುಡಿಗರು ಬರುತ್ತಿದ್ದರು. ನೆಲಕ್ಕೆ ಕೂತು, ಮೊಣಕಾಲ ಹತ್ತಿರ ಜೋಳಿಗೆ ಇಟ್ಟುಕೊಂಡು, ಮೂರು ಕಟ್ಟಿಗೆಯ ಬಟ್ಟಲು, ಬಟ್ಟೆಯ ಉಂಡೆ. ಮೇಲೆ ಗುಬಟಿ ಇರುವ ಆ ಬಟ್ಟಲನ್ನು ಎರಡು ಬೆರಳ ಸಂದಿನಲ್ಲಿ ಹಿಡಿದು ಎತ್ತುತ್ತಿದ್ದರು. ಕೆಲಸ ಅಷ್ಟು ನಾಜೂಕು! ಆದರೆ ಜನ ಮಧ್ಯದಲ್ಲಿ ಎದ್ದು ಹೋಗದಿರಲಿ ಅಂತ ಕೆಲವರು "ಕೈ ಕಟ್ಟಿ ನಿಲ್ಲಬೇಡಿ, ಆಟ ಮುಗಿಯುವ ಮೊದಲು ಹೋದರೆ ರಕ್ತ ಕಾರುತ್ತೀರಿ" ಅನ್ನುತ್ತಿದ್ದರು. ಅದು ಹೊಟ್ಟೆಪಾಡಿನ ಮಾತು. ಆದರೂ ಅದನ್ನು ಕೇಳಿ ಬೆಳೆದ ನಮ್ಮ ಹಿರಿಯರಿಗೆ ಕಣ್ಕಟ್ಟು ಅಂದರೆ ಮೋಡಿ, ಮೋಡಿ ಅಂದರೆ ಮಾಟ. ನೀವು ನಾಣ್ಯ ಮಾಯ ಮಾಡಿದಾಗ ಹುಡುಗರು ಚಪ್ಪಾಳೆ ತಟ್ಟುತ್ತಾರೆ, ಹಿಂದೆ ನಿಂತ ಅಜ್ಜಿ ಮೊಮ್ಮಗನನ್ನು ಒಳಗೆ ಎಳೆದುಕೊಳ್ಳುತ್ತಾಳೆ.

ನಾನು ಒಂದು ತಪ್ಪು ಮಾಡಿದ್ದೇನೆ. ಇಸಿದುಕೊಂಡ ನೋಟು ಮಾಯವಾಗಿ ನಿಂಬೆಹಣ್ಣಿನೊಳಗೆ ಸಿಗುವ ಆಟ ಇದೆಯಲ್ಲ, ಬಹಳ ಹೆಸರಾದ ಆಟ. ಅಮೆರಿಕದಲ್ಲಿ ಎಮಿಲ್ ಜಾರೋ ಅನ್ನುವವರು ರಂಗದ ಮೇಲೆ ಇದನ್ನು ಮಾಡಿಯೇ ಪ್ರಸಿದ್ಧರಾದರು. ನಾನದನ್ನು ಆರು ತಿಂಗಳು ಕಲಿತು ಒಂದು ಹಳ್ಳಿಯ ಕಟ್ಟೆ ಮೇಲೆ ಮಾಡಿದೆ. ನಿಂಬೆಹಣ್ಣು ಕೊಯ್ದ ಕೂಡಲೇ ನಗು ನಿಂತೇಹೋಯ್ತು. ನೋಟಿನ ಒಡೆಯ ನೋಟು ಮುಟ್ಟಲಿಲ್ಲ. "ನೀವೇ ಇಟ್ಟುಕೊಳ್ಳಿ ಸರ್" ಅಂದ. ಅವನ ಕಣ್ಣಲ್ಲಿದ್ದ ಭಯ ಇನ್ನೂ ನೆನಪಿದೆ. ಅಲ್ಲಿ ನಿಂಬೆಹಣ್ಣು ಬರೀ ಹಣ್ಣು, ನಮ್ಮಲ್ಲಿ ಅದು ಮೂರು ದಾರಿ ಕೂಡುವ ಜಾಗದಲ್ಲಿ ಕುಂಕುಮ ಹಚ್ಚಿ ಬಿದ್ದಿರುತ್ತದೆ. ಅವತ್ತೇ ಆ ಆಟ ಬಿಟ್ಟೆ. ನಿಂಬೆಹಣ್ಣು, ಬೂದಿ, ಕೂದಲು, ಕುಂಕುಮ ಯಾವುದನ್ನೂ ಮುಟ್ಟಬೇಡಿ.

ಶುರುವಿನಲ್ಲೇ "ಇದು ಬೆರಳಿನ ಅಭ್ಯಾಸ, ಬೇರೆ ಏನೂ ಇಲ್ಲ" ಅಂದುಬಿಡಿ. ಆಟದ ರುಚಿ ಕಡಿಮೆ ಆಗುತ್ತದೆ ಅಂತ ಕೆಲವರ ವಾದ. ನನ್ನ ಅನುಭವದಲ್ಲಿ ಇಲ್ಲ, ಜನ ಇನ್ನೂ ಹತ್ತಿರ ಬಂದು ನೋಡುತ್ತಾರೆ. ಪವಾಡ ಅಂತ ಹೇಳಿ ಜನರನ್ನು ವಂಚಿಸುವುದು, ಹೆದರಿಸುವುದು ನಮ್ಮ ರಾಜ್ಯದಲ್ಲಿ ಅಪರಾಧ ಕೂಡ. 2017ರಲ್ಲಿ ಆದ ವಾಮಾಚಾರ ತಡೆ ಕಾನೂನು 2020ರಿಂದ ಜಾರಿಯಲ್ಲಿದೆ. ನಾವು ಅದರ ಹತ್ತಿರವೂ ಇಲ್ಲ, ಆದರೆ ನೋಡುವವರಿಗೂ ಅದು ಗೊತ್ತಾಗಬೇಕು.

ಇನ್ನು ಟಿ.ವಿ.ಯಲ್ಲಿ ನೋಡಿ ಕಲಿಯುವುದರ ಬಗ್ಗೆ. 1997ರಲ್ಲಿ ಡೇವಿಡ್ ಬ್ಲೇನ್ ಅಮೆರಿಕದ ಟಿ.ವಿ.ಯಲ್ಲಿ ಬೀದಿಯ ಜನರಿಗೆ ಮಾಡಿ ತೋರಿಸಿದ ಮೇಲೆ ಎಲ್ಲರಿಗೂ ಅದೇ ಮಾದರಿ ಆಯ್ತು. ಅವರು ಕ್ಯಾಮೆರಾವನ್ನು ನೋಡುವವರ ಮುಖದ ಕಡೆ ತಿರುಗಿಸಿದರು. ಜನ ಕಿರುಚಿ ಓಡುವುದನ್ನು ನೋಡಿ ನಮ್ಮ ಹುಡುಗರೂ ಅದನ್ನೇ ಕಾಯುತ್ತಾರೆ. ನಮ್ಮ ಕಡೆ ಜನ ಕಿರುಚುವುದಿಲ್ಲ ತಮ್ಮಾ. ಸುಮ್ಮನಾಗುತ್ತಾರೆ, ಪಕ್ಕದವನ ಮುಖ ನೋಡುತ್ತಾರೆ, ಆಮೇಲೆ "ಇನ್ನೊಮ್ಮೆ ಮಾಡು" ಅಂತಾರೆ. ಆ ಸುಮ್ಮನಿರುವಿಕೆಯನ್ನು ಸೋಲು ಅಂತ ತಿಳಿಯಬೇಡ.

ಗುಡ್ಡದ_ಹಾದಿ

ಸವದತ್ತಿ ಕಡೆಯವನು. ಎಲ್ಲರೂ "ರೊಕ್ಕ ತಗೊಳ್ಳಲ್ಲ" ಅನ್ನಿ ಅಂತ ಹೇಳುತ್ತಿದ್ದೀರಿ. ನನಗೆ ಅದು ಸರಿ ಬರುತ್ತಿಲ್ಲ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬಂದು ಆಟ ಆಡಿ ಅದರಲ್ಲೇ ಮನೆ ನಡೆಸುವವರಿದ್ದಾರೆ. ನೀವು ಕಾಲೇಜು ಕಲಿತವರು ಬಂದು ಪುಕ್ಕಟೆ ತೋರಿಸಿ, ರೊಕ್ಕ ಕೇಳುವುದೇ ಕೀಳು ಅನ್ನುವ ಹಾಗೆ ಮಾತಾಡಿದರೆ ಅವರ ತಟ್ಟೆಗೆ ಬೀಳುವುದೂ ನಿಲ್ಲುತ್ತದೆ. ಅವರು ಯಾರ ಹತ್ತಿರವೂ ಹೋಗುವುದಿಲ್ಲ ನೋಡಿ. ನೆಲದ ಮೇಲೆ ಗೆರೆ ಎಳೆಯುತ್ತಾರೆ, ಡಮರು ಬಾರಿಸುತ್ತಾರೆ, ಜನ ತಾವೇ ಬರುತ್ತಾರೆ. ಅದು ದೊಡ್ಡ ವಿದ್ಯೆ.

ಕೋಟೆಕೆರೆ_ದಂಡೆ

ನಿಮ್ಮ ಮಾತು ನನಗೆ ತಾಗಿತು. ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ನನ್ನದು ಸಂಬಳದ ಕೆಲಸ ಇದೆ, ಅದಕ್ಕೆ ಬೇಡ ಅನ್ನುತ್ತೇನೆ. ಆಟದವರು ಕೂತ ಜಾಗದ ಹತ್ತಿರ ನಾನು ಮಾಡುವುದಿಲ್ಲ, ಅದು ಮೊದಲಿನಿಂದಲೂ ಇದೆ. ಇನ್ನು ಮುಂದೆ ಯಾರಾದರೂ ಒತ್ತಾಯ ಮಾಡಿ ಕೊಟ್ಟರೆ "ಜಾತ್ರೆಯಲ್ಲಿ ಆಟದವರು ಸಿಕ್ಕಾಗ ಅವರಿಗೆ ಕೊಡ್ರಿ" ಅಂತ ಹೇಳುತ್ತೇನೆ. ಆದರೂ ನಾವಾಗಿಯೇ ಒಬ್ಬರ ಹತ್ತಿರ ಹೋದಾಗ ರೊಕ್ಕದ ಮಾತು ಮೊದಲೇ ಮುಗಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೆರೆ ಎಳೆದು ಕೂತವನ ಹತ್ತಿರ ಜನ ತಿಳಿದೇ ಬರುತ್ತಾರೆ. ನಾವು ಹೋದಾಗ ಅವರಿಗೆ ಬೇಡ ಅನ್ನುವುದಕ್ಕೂ ಮುಜುಗರ ಇರುತ್ತದೆ.

ಗುಡ್ಡದ_ಹಾದಿ

ಅಷ್ಟು ಮಾಡಿದರೆ ಸಾಕು. ಬೇಡ ಅಂದಾಗ ಏನು ಮಾಡಬೇಕು ಅಂತಲೂ ಆ ಹುಡುಗನಿಗೆ ಹೇಳಿ.

ಕೋಟೆಕೆರೆ_ದಂಡೆ

"ಆಯ್ತ್ರಿ, ಬರ್ತೀನಿ" ಅಂದು ನಗುತ್ತಾ ಹೊರಡೋದು. ಎರಡನೇ ಸಲ ಕೇಳೋದಿಲ್ಲ, ಅಲ್ಲೇ ಪಕ್ಕದವರ ಹತ್ತಿರವೂ ಹೋಗೋದಿಲ್ಲ. ಇಪ್ಪತ್ತು ಹೆಜ್ಜೆ ನಡೆದು ಬೇರೆ ಕಡೆ. ನನಗೆ ಇವತ್ತಿಗೂ ಒಂದು ಸಂಜೆಗೆ ಇಬ್ಬರು ಮೂವರು ಬೇಡ ಅಂತಾರೆ.

ಕೈಚಳಕ_ವಿಜಯಪುರ

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಹೋಗಿದ್ದೆ.

ಮೊದಲನೆಯದು ಕೆಟ್ಟಿತು. ಚಹಾದಂಗಡಿಯವರನ್ನು ಕೇಳಿಯೇ ಮಾಡಿದೆ. ಮಾತು ಸರಿಯಾಗಿ ಬಂತು, ಮೂವರು ಸರಿದು ಜಾಗ ಕೊಟ್ಟರು. ನಾಣ್ಯ ಇಸಿದುಕೊಂಡೆ. ಆದರೆ ಈ ಬಿಸಿಲಿಗೆ ಅಂಗೈ ಬೆವರಿ ನಾಣ್ಯ ಅಂಟಿಕೊಂಡಿತ್ತು, ಬೀಳಬೇಕಾದಾಗ ಬೀಳಲಿಲ್ಲ, ಬೀಳಬಾರದಾಗ ಟಣ್ ಅಂತ ಕಟ್ಟೆ ಮೇಲೆ ಬಿತ್ತು. ಎಲ್ಲರೂ ನೋಡಿದರು. ನನ್ನ ಕಿವಿ ಬಿಸಿ ಆಯ್ತು. ಒಬ್ಬರು ನಾಣ್ಯ ಎತ್ತಿ ಕೈಗೆ ಕೊಟ್ಟು "ಇರಲಿ, ಮತ್ತೊಮ್ಮೆ ಮಾಡು" ಅಂದರು. ಕೈ ಒರೆಸಿಕೊಂಡು ಮತ್ತೆ ಮಾಡಿದೆ, ಆಯ್ತು. ಈಗ ಕರವಸ್ತ್ರ ಇಲ್ಲದೆ ಹೊರಡುವುದಿಲ್ಲ.

ಎರಡನೆಯದು ಸಿದ್ಧೇಶ್ವರ ಗುಡಿಯ ಹತ್ತಿರದ ರಸ್ತೆಯಲ್ಲಿ, ಸಂಜೆ. ಒಬ್ಬ ಅಜ್ಜ, ಇಬ್ಬರು ಮೊಮ್ಮಕ್ಕಳು, ಐಸ್‌ಕ್ಯಾಂಡಿ ತಿಂದು ಮುಗಿಸಿ ಕಡ್ಡಿ ಹಿಡಿದು ಕೂತಿದ್ದರು. ಅಜ್ಜನನ್ನೇ ಕೇಳಿದೆ. "ಯಾರ ಮಗ ನೀನು?" ಅಂದರು. ಅಪ್ಪನ ಹೆಸರು, ಓಣಿ ಹೇಳಿದೆ. ಅವರಿಗೆ ನಮ್ಮ ಓಣಿ ಗೊತ್ತಿತ್ತು. ಆಮೇಲೆ ಎಲ್ಲಾ ಸಲೀಸು. ರಬ್ಬರ್ ಬ್ಯಾಂಡ್ ದಾಟಿಸಿದೆ. ಮೇಷ್ಟ್ರು ಹೇಳಿದ ಹಾಗೆ ಅಜ್ಜ ಸುಮ್ಮನಾದರು. ನನ್ನ ಬೆರಳಿನಿಂದ ಒಂದು ಬ್ಯಾಂಡ್ ತೆಗೆದುಕೊಂಡು ಎಳೆದು, ಬೆಳಕಿಗೆ ಹಿಡಿದು, ಎಲ್ಲಾದರೂ ಸೀಳಿದೆಯಾ ಅಂತ ಸುತ್ತ ಉಗುರಿನಿಂದ ತಡವಿ ನೋಡಿದರು. ವಾಪಸ್ ಕೊಟ್ಟು "ಇನ್ನೊಮ್ಮೆ" ಅಂದರು. ಮೂರು ಸಲ ಮಾಡಿಸಿದರು. ಹೊರಡುವಾಗ ಚಿಕ್ಕ ಹುಡುಗ ಆ ಬ್ಯಾಂಡ್ ಕೊಡು ಅಂತ ಕೇಳಿದ, ಎರಡೂ ಕೊಟ್ಟು ಬಂದೆ.

ಬರುವ ಭಾನುವಾರ ಮತ್ತೆ ಹೋಗುತ್ತೇನೆ. ಕೋಟೆಕೆರೆ ಅಣ್ಣಾ, ಪರೀಕ್ಷೆ ಮುಗಿದ ಮೇಲೆ ಬೆಳಗಾವಿಗೆ ಬರುತ್ತೇನೆ. ಒಂದು ಸಂಜೆ ನಿಮ್ಮ ಪಕ್ಕ ನಿಂತು ನೋಡಬಹುದಾ?

ಕೋಟೆಕೆರೆ_ದಂಡೆ

ಬಾ. ಮರಾಠಿಯ ಆ ಒಂದು ಸಾಲು ಕಲಿತುಕೊಂಡು ಬಾ, ಮೊದಲ ಮಾತು ನೀನೇ ಆಡಬೇಕು.